ಹಾರ್ನಿಲ್ಲದೆ ಹೋದ ನೆಂಟರು

ಹೋದ ಶುಕ್ರವಾರ ಬೆಳಿಗ್ಗೆ ನನ್ನ ಕಾರು ಪಾಂಡವಪುರ ದಾಟಿ ಸ್ವಲ್ಪ ದೂರ ಹೋಗಿ ಸುಮ್ಮನೆ ನಿಂತುಬಿಟ್ಟಿತು. ಹೊಗೆಯಿಲ್ಲ, ಸದ್ದಿಲ್ಲ. ಪಕ್ಕದ ಸೀಟಿನಲ್ಲಿ, ಇಸ್ತ್ರಿ ಮುರಿಯದ ಬಿಳಿ ಪಂಚೆಯಲ್ಲಿ, ನಮ್ಮ ಚಿಕ್ಕಪ್ಪ.

ನಿಲ್ಲುವುದಕ್ಕೆ ಅದಕ್ಕೆ ಬೇರೆ ದಿನ ಸಿಗಲಿಲ್ಲವೇ? ಅಕ್ಕಿಹೆಬ್ಬಾಳಿನಲ್ಲಿ ದೊಡ್ಡಪ್ಪನ ಮಗಳ ನಿಶ್ಚಿತಾರ್ಥ. ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷ. ಕಾರಣ, ಆ ಮನೆಯ ಗೃಹಪ್ರವೇಶಕ್ಕೆ ಹೋದಾಗ ಬಾಗಿಲಲ್ಲಿ ಚಿಕ್ಕಪ್ಪನನ್ನು ಯಾರೂ ‘ಬನ್ನಿ’ ಅನ್ನಲಿಲ್ಲ. (ಅಷ್ಟೇನಾ ಅನ್ನಬೇಡಿ. ನಮ್ಮ ಕಡೆ ಅಷ್ಟು ಸಾಕು.) ಈ ಸಲ ದೊಡ್ಡಪ್ಪನೇ ಫೋನ್ ಮಾಡಿ, ತಾಂಬೂಲ ಬದಲಾಯಿಸಲು ನೀನೇ ಕೂರಬೇಕು ಅಂದಿದ್ದರು. ಅದೂ ರಾಹುಕಾಲಕ್ಕೆ ಮುಂಚೆ.

“ಲೇಟಾಗ್ ಓದ್ರೆ ಬೇಕಂತ್ಲೇ ತಡ ಮಾಡ್ದ ಅಂತಾರೆ ಕಣ್ಲಾ,” ಅಂದರು ಚಿಕ್ಕಪ್ಪ. “ಗಾಡಿ ಕೆಟ್ಟೋಯ್ತು ಅಂದ್ರೆ ನಾನೇ ನಂಬಾಕಿಲ್ಲ, ಅವ್ರ್ ನಂಬ್ತಾರಾ?”

ಪೆಟ್ರೋಲ್ ಇತ್ತು. ಬ್ಯಾಟರಿ ಸರಿಯಿತ್ತು. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಫ್ಯೂಯೆಲ್ ಪಂಪು ಒಂದು ಕ್ಷಣ ಗುಂಯ್ ಅನ್ನಬೇಕು. ಕಿವಿಯಿಟ್ಟು ಕೇಳಿದೆ. ಮೌನ. ಫ್ಯೂಸ್ ತೆಗೆದು ನೋಡಿದೆ, ಸುಟ್ಟಿರಲಿಲ್ಲ. ಉಳಿದಿದ್ದು ರಿಲೇ. ಪಂಪಿಗೆ ಕರೆಂಟ್ ದಾಟಿಸುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ.

ಬದಲಿ ರಿಲೇಗೆ ಎಲ್ಲಿ ಹೋಗುವುದು? ಪಕ್ಕದಲ್ಲೇ ಹಾರ್ನಿನ ರಿಲೇ ಇತ್ತು, ಅದೇ ಅಳತೆ, ಅದೇ ಕಾಲುಗಳು. ಅದನ್ನು ಕಿತ್ತು ಪಂಪಿನ ಜಾಗಕ್ಕೆ ಚುಚ್ಚಿದೆ. ಗುಂಯ್. ಕಾರು ಹೊರಟಿತು.

ಹಾರ್ನ್ ಮಾತ್ರ ಇಲ್ಲ. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಹಿಂದೆ, ಅವರಾಗಿಯೇ ದಾರಿ ಬಿಡುವವರೆಗೆ, ತೆಪ್ಪಗೆ ಹೋದೆವು. ನಾನು ಇಷ್ಟು ಮರ್ಯಾದೆಯಿಂದ ಕಾರು ಓಡಿಸಿದ್ದು ಅದೇ ಮೊದಲು.

ಸಮಯಕ್ಕೆ ಮುಂಚೆಯೇ ಮನೆ ಮುಂದೆ ನಿಂತೆವು. ಯಾರೂ ಹೊರಗೆ ಬರಲಿಲ್ಲ. ಚಿಕ್ಕಪ್ಪ ಇಳಿಯಲೂ ಇಲ್ಲ.

“ಅವತ್ತೂ ಇಂಗೇ ಕಣ್ಲಾ. ಬಾಗ್ಲಲ್ ನಿಂತಿವ್ನಿ, ಬಾ ಅನ್ನೋರೇ ಇಲ್ಲ. ತಿರುಗ್ಸು ಗಾಡಿಯ.”

ನಾನು ಒಳಗೆ ಹೋಗಿ ಹೇಳಲೇ ಅಂದೆ. ಬೇಡ. ಫೋನ್? ಅದೂ ಬೇಡ. “ನನ್ ಕರೀರಿ ಅಂತ ನಾನೇ ಕೇಳ್ದಂಗಾಯ್ತದೆ.” ಗಡಿಯಾರ ನೋಡಿದರೆ ರಾಹುಕಾಲ ಹತ್ತಿರವಾಗುತ್ತಿತ್ತು. ಇವರು ಇಲ್ಲಿಂದ ತಿರುಗಿ ಹೋದರೆ ಈ ಜನ್ಮದಲ್ಲಿ ಮತ್ತೆ ಬರುವವರಲ್ಲ.

ಆಗ ನನಗೆ ಹೊಳೆಯಿತು. ಚಿಕ್ಕಪ್ಪ ಯಾರ ಗಾಡಿಯಲ್ಲಿ ಬಂದರೂ ಬೀದಿ ತಿರುವಿನಿಂದಲೇ ಹಾರ್ನ್ ಹೊಡೆಸುತ್ತಾ ಬರುವವರು. ಒಳಗಿನವರು ಕಾಯುತ್ತಿರುವುದು ಅದಕ್ಕೇ ಇರಬಹುದೇ?

“ಹಾರ್ನ್ ಹೊಡೆಯಬಹುದಾ?”

“ಒಡಿ. ಅದ್ರಲ್ಲೇನೈತೆ?” (ಹಾರ್ನ್ ಹೊಡೆದರೆ ಕೇಳಿದಂತಲ್ಲವಂತೆ. ಈ ಕಾನೂನು ಮಾಡಿದವರು ಯಾರೋ.)

ಬಾನೆಟ್ ಎತ್ತಿ ರಿಲೇಯನ್ನು ಮತ್ತೆ ಹಾರ್ನಿಗೆ ಹಾಕಿದೆ. ಉದ್ದಕ್ಕೆ ಒತ್ತಿದೆ. ದೊಡ್ಡಪ್ಪ ನೀರಿನ ಚೊಂಬು ಹಿಡಿದು ಬರಿಗಾಲಲ್ಲಿ ಓಡಿಬಂದರು.

“ಆಗ್ಲಿಂದ ಆರನ್ ಕೇಳ್ಲಿಲ್ವಲ್ಲ, ಬರಾಕಿಲ್ವೇನೋ ಅಂತ ಕುಂತಿದ್ದೆ ಕಣ್ಲಾ. ಬಾ, ಒಳೀಕ್ ಬಾ.”

ಚಿಕ್ಕಪ್ಪ ಇಳಿದು ಕಾಲು ತೊಳೆದುಕೊಂಡರು. ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ, ಅವರು ಧೂಳು ಅಂದರು. ತಾಂಬೂಲ ಹೊತ್ತಿಗೆ ಸರಿಯಾಗಿ ಬದಲಾಯಿತು.

ಗಾಡಿ ಕೆಟ್ಟ ಕಥೆಯನ್ನು ಯಾರೂ ನಂಬಲಿಲ್ಲ. ಊಟ ಮುಗಿಸಿ ಹೊರಟಾಗ ಕಾರು ಸ್ಟಾರ್ಟ್ ಆಗಲಿಲ್ಲವಲ್ಲ, ಆಗ ನಂಬಿದರು. ದೊಡ್ಡಪ್ಪ ಕೆ.ಆರ್.ಪೇಟೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು: “ಅರ್ಜೆಂಟೇನಿಲ್ಲ ಕಣಪ್ಪ, ನಾಳೀಕ್ ಬಾ.”

ಹಾರ್ನಿನ ರಿಲೇ ಮತ್ತೆ ಪಂಪಿಗೆ ಹಾಕಿದ್ದರೆ ಆಗಲೇ ಹೊರಡಬಹುದಿತ್ತು. ನಾನು ಬಾಯಿ ಬಿಡಲಿಲ್ಲ. ರಿಲೇ ಬದಲಾಯಿಸಿದ್ದನ್ನು ಎರಡು ಸಲ ಕಣ್ಣಾರೆ ನೋಡಿದ್ದ ಚಿಕ್ಕಪ್ಪನೂ ಬಿಡಲಿಲ್ಲ. ಅಣ್ಣನ ಹತ್ತಿರ ಒಂದು ಲುಂಗಿ ಕೇಳಿದರು.

ಒಂದು ‘ಬಾ’ಗೆ ಮೂರು ವರ್ಷ ಕಾದವರಿಗೆ, ಒಂದು ರಿಲೇಗೇನು ಅವಸರ?