ಹಿಡಿ ಹಿಟ್ಟಿನ ಪ್ರಾರ್ಥನೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅದು ಜನವರಿಯೋ ಫೆಬ್ರವರಿಯೋ, ಕೋಣೆಯಲ್ಲಿ ಹದಿನೈದು ಹೆಂಗಸರಿದ್ದರೋ ಇಪ್ಪತ್ತೋ, ನನ್ನ ದಿನಚರಿಯಲ್ಲೇ ಎರಡು ಕಡೆ ಎರಡು ರೀತಿ ಇದೆ. ಒಂದು ಮಾತ್ರ ಖಚಿತ. ನೌಬಾದದಲ್ಲಿ ಮೊದಲ ಸಲ ಮನೆ ಪ್ರಾರ್ಥನೆಗೆ ಹೋದಾಗ, "ಪ್ರಾರ್ಥನಿ ಮಾಡೂಣು" ಎಂದೊಡನೆ ಅಷ್ಟೂ ಜನ ಒಟ್ಟಿಗೇ, ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ, ಗಟ್ಟಿಯಾಗಿ ದೇವರನ್ನು ಕೂಗತೊಡಗಿದರು. ಏನೋ ಅನಾಹುತವಾಯಿತೆಂದು ನಾನು ಎದ್ದು ಚಪ್ಪಲಿ ಹುಡುಕಿದೆ.

ಉಡುಪಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಒಬ್ಬರು ಪ್ರಾರ್ಥಿಸುತ್ತಾರೆ, ಉಳಿದವರು ಆಮೆನ್ ಅನ್ನುತ್ತಾರೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಂತೂ ಭಕ್ತಿ ಎಂದರೆ ಓದು. ವರ್ಷಕ್ಕೊಮ್ಮೆ ಸತ್ಯವೇದವನ್ನು ಮೊದಲಿಂದ ಕೊನೆಯವರೆಗೆ ಮುಗಿಸಬೇಕು. ಮುಗಿಸಿದವರ ಹೆಸರನ್ನು ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅಜ್ಜನ ಸತ್ಯವೇದದ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಾರೆ. ಹತ್ತನೇ ವಯಸ್ಸಿನಿಂದ ನನ್ನ ಹೆಸರು ಒಂದು ವರ್ಷವೂ ತಪ್ಪಿರಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಹೊರಟಾಗ ದೊಡ್ಡಮ್ಮ ಕೈಗಿಟ್ಟದ್ದು ಓದಿನ ಪಟ್ಟಿ. ದಿನಕ್ಕೆ ಇಷ್ಟು ಅಧ್ಯಾಯ, ಮುಗಿದದ್ದಕ್ಕೆ ಪೆನ್ಸಿಲ್ ಗೀಟು. ಮನೆ ಮಾಡಿದ್ದು ನೌಬಾದದಲ್ಲಿ; ಅಲ್ಲಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ದಿನವೂ ಗೀಟು ಹಾಕುತ್ತಿದ್ದೆ.

ಇಲ್ಲಿ ಕುಚ್ಚಲಕ್ಕಿ ಸಿಗಲಿಲ್ಲ. ಮನೆ ಮಾಲೀಕರು ದಖನಿ ಉರ್ದುವಿನವರು. "ನಿಮ್ಮ ಕನ್ನಡ ರೇಡಿಯೋದಾಗಿಂದು ಬಂದಂಗದ" ಎಂದು ನಗುತ್ತಿದ್ದರು. ನಾನು ಅನ್ನಕ್ಕಾಗಿ ಮರುಗುವುದನ್ನು ಕಂಡು ಜೋಳದ ರೊಟ್ಟಿ ಬಡಿಯಲು ಕಲಿಸಿದವರು ಪಕ್ಕದ ಮನೆಯ ಸುಗಂಧಾಬಾಯಿ. ಔರಾದಿನ ಕಡೆಯವರು, ಅರವತ್ತು ದಾಟಿದವರು, ನಾನು ಹೋಗುವ ನೌಬಾದದ ಸಭೆಯವರೇ. ಓದು ಬಾರದು.

ಒಂದು ಶನಿವಾರ ಔರಾದಿನಲ್ಲಿ ಅವರ ತಮ್ಮನ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಓದಿದವಳೆಂದು ವಾಕ್ಯ ಓದುವ ಕೆಲಸ ನನಗೇ ಬಂತು. ನನ್ನ ಪಟ್ಟಿ ನಾಲ್ಕು ದಿನ ಹಿಂದೆ ಬಿದ್ದಿತ್ತು. ಇಲ್ಲೇ ಸರಿದೂಗಿಸೋಣ ಎಂದುಕೊಂಡು ಸತ್ಯವೇದದ ಅರಣ್ಯಕಾಂಡ ತೆರೆದೆ. ಹನ್ನೆರಡು ಕುಲದ ಮುಖ್ಯಸ್ಥರು ದೇವರಿಗೆ ಕಾಣಿಕೆ ತರುವ ಉದ್ದದ ಅಧ್ಯಾಯ. ಅದೇ ಬೆಳ್ಳಿ ತಟ್ಟೆ, ಅದೇ ಟಗರು, ಮತ್ತೆ ಮತ್ತೆ. ಐದನೆಯವನ ಸರದಿ ಬಂದಾಗ ಸುಗಂಧಾಬಾಯಿ ಕೈ ಎತ್ತಿದರು.

"ಮೇಡಮ್ಮಾರ, ಹನ್ನೆರಡೂ ಮಂದಿ ಇದನ್ನೇ ತರ್ತಾರೇನ್ರಿ?"

"ಹೌದು, ಎಲ್ಲರದೂ ಒಂದೇ."

"ಹಂಗಾದ್ರ ಉಳಿದವ್ರದು ದೇವ್ರಿಗಿ ಗೊತ್ತದ, ಬಿಡ್ರಿ. ನಿನ್ನಿ ರಾತ್ರಿಲಿಂದ ಉಪಾಸ ಇದ್ದವ್ರ ಮುಂದ ಟಗರಿನ ಸುದ್ದಿ ಹೇಳ್ಲಾಕತ್ತೀರಿ!"

ಎಲ್ಲರೂ ನಕ್ಕರು. ಅವರ ಕಣ್ಣು ನನ್ನ ಪೆನ್ಸಿಲಿನ ಮೇಲಿತ್ತು. "ನಿಮ್ಮ ಗೀಟು ಮುಗೀಲಿ ಅಂತ ನಾವು ಉಪಾಸ ಇದ್ದೇವೇನ್ರಿ?"

ಪೆನ್ಸಿಲನ್ನು ಪುಸ್ತಕದೊಳಗೆ ಅಡಗಿಸಿದೆ.

ಆ ದಿನ ಉಪವಾಸ ಬಿಟ್ಟ ರೊಟ್ಟಿಯ ಹಿಟ್ಟು ಒಂದು ಡಬ್ಬಿಯಿಂದ ಬಂತು. ಈ ಹೆಂಗಸರು ದಿನವೂ ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಇಡುವಾಗ ಒಬ್ಬರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ತಿಂಗಳಿಗೊಮ್ಮೆ ಆ ಹಿಟ್ಟು ಎಲ್ಲರ ಊಟಕ್ಕೆ. ನಾನು ತಿಂದ ರೊಟ್ಟಿಯಲ್ಲಿ ಯಾರ ಯಾರ ಹೆಸರಿತ್ತೋ.

ನೌಬಾದಕ್ಕೆ ಮರಳಿ ನಾನೂ ಒಂದು ಡಬ್ಬಿ ಇಟ್ಟೆ. ಪಟ್ಟಿಯನ್ನು ಮಡಚಿಟ್ಟೆ. ಸಭೆಯಲ್ಲೊಬ್ಬರು ಇದನ್ನು ಕೇಳಿ ಮೆಚ್ಚಿ, "ಭಾಳ ಓದಿದ್ರ ಆತ್ಮ ಒಣಗ್ತದ್ರಿ" ಅಂದರು. ಅದನ್ನು ನಾನು ಒಪ್ಪಲಿಲ್ಲ. ನಾನು ಒಪ್ಪದಿರುವುದಕ್ಕೆ ಸುಗಂಧಾಬಾಯಿಯೇ ಸಾಕ್ಷಿ. ಸಂಜೆ ಬಂದು, "ಓದ್ರಿ, ನಾ ಮನಸಿನ್ಯಾಗ ಹಿಡ್ಕೋತೇನಿ" ಎಂದು ಗೋಡೆಗೊರಗಿ ಕೂರುತ್ತಾರೆ. ಹತ್ತೇ ವಚನ, ಎರಡು ಸಲ. ಅತ್ತೆಯ ಜೊತೆ ಬಂದ ವಿಧವೆ ಸೊಸೆ ರೂತಳ ಕಥೆಯಲ್ಲಿ ತಡೆದು ಕೇಳಿದರು: "ದಿನಪೂರ್ತಿ ಹೊಲದಾಗ ತೆನಿ ಆರಿಸಿ ಬಂದಾಕಿಗಿ ಅತ್ತಿ ಒಂದು ತಂಬಿಗಿ ನೀರು ಕೊಟ್ಟಳಾ? ಬರದದೇನ್ರಿ?" ಇಪ್ಪತ್ತು ಸಲ ಓದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ನವೆಂಬರಿನಲ್ಲಿ ದೊಡ್ಡಮ್ಮನ ಫೋನು.

"ಎಲ್ಲಿಗೆ ಬಂದಿ? ಸುವಾರ್ತೆ ಶುರುವಾಯಿತಾ?"

"ಇಲ್ಲ ದೊಡ್ಡಮ್ಮ. ರೂತಳಲ್ಲೇ ಇದ್ದೇನೆ."

"ನವೆಂಬರಲ್ಲಿ ರೂತಳಾ! ಅದು ಏಪ್ರಿಲಿಗೇ ಮುಗಿಯಬೇಕಿತ್ತಲ್ಲ! ಎಂತ ಮಾರಾಯ್ತಿ, ಅಲ್ಲಿ ನಿನಗೆ ಎಂತ ಕಲಿಸಿದ್ದಾರೆ?"

ಡಬ್ಬಿಯ ಸಂಗತಿ ಹೇಳಿದೆ.

"ಅದು ಅಡುಗೆ, ಭಕ್ತಿಯಲ್ಲ. ಈ ವರ್ಷ ನಿನ್ನ ಹೆಸರು ನಾನು ಬರೆಯುವುದಿಲ್ಲ."

"ಬೇಡ, ಬರೆಯಬೇಡಿ" ಅಂದೆ. ಗಟ್ಟಿಯಾಗಿ ಅಂದೆ ಎಂದು ದಿನಚರಿಯಲ್ಲಿದೆ. ಮೆಲ್ಲಗೆ ಅಂದಿರಲೂಬಹುದು. ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಅಮ್ಮ ನೆನಪಾದಳು. ತೀರಿಕೊಳ್ಳುವ ಮೊದಲು ಎರಡು ವರ್ಷ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದಳು: ನೆರೆಯವರು, ಮೀನು ತರುವ ಹೆಂಗಸು, ನಾನು. ಹೀಗೆಯೇ ಇತ್ತೋ, ಇಲ್ಲಿನ ಡಬ್ಬಿ ನೋಡಿದ ಮೇಲೆ ನಾನು ಕಟ್ಟಿಕೊಂಡ ನೆನಪೋ, ಹೇಳಲಾರೆ. ಅವಳಿಗೆ ಓದಿ ಹೇಳಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಪಟ್ಟಿ ಮುಗಿಸಬೇಕಿತ್ತು. ಅಜ್ಜನ ಸತ್ಯವೇದದ ಆ ಹಾಳೆಗಳ ಚಿತ್ರ ನನ್ನ ಮೊಬೈಲಿನಲ್ಲಿದೆ. ಆ ಎರಡು ವರ್ಷ ನನ್ನ ಹೆಸರಿದೆ, ಅಮ್ಮನದಿಲ್ಲ. ಇದರಲ್ಲಿ ನೆನಪಿನ ತಪ್ಪಿಲ್ಲ.

ನೌಬಾದದಲ್ಲಿ ನಾನು ಇನ್ನೂ "ಉಡುಪಿ ಮೇಡಮ್". ಉಡುಪಿಯ ಹಾಳೆಯಲ್ಲಿ ಇನ್ನು ನಾನಿಲ್ಲ. ಆ ಫೋನಿನ ಮರುದಿನ ಬೆಳಿಗ್ಗೆ ಹಿಡಿ ಹಿಟ್ಟು ತೆಗೆದು ದೊಡ್ಡಮ್ಮನ ಹೆಸರು ಹೇಳಿದೆ. ಕೈ ತೊಳೆದು ಅವರಿಗೇ ಫೋನ್ ಮಾಡಿ ಒಂದೇ ಮಾತು ಕೇಳಿದೆ.

"ಕಣ್ಣು ಹೋದ ಮೇಲೂ ಅಮ್ಮ ದಿನವೂ ಪ್ರಾರ್ಥಿಸುತ್ತಿದ್ದಳಲ್ಲ ದೊಡ್ಡಮ್ಮ, ಅವಳ ಹೆಸರನ್ನು ಯಾಕೆ ಬರೆಯಲಿಲ್ಲ?"