ಅವ್ವನ ಕೈಗೊಂದು ಹಿಟ್ಟಿನ ಕೋಲು

ನಾನು ಪ್ರಾಡಕ್ಟ್ ಡಿಸೈನ್ ಓದಲು ಹೋದಾಗ ನಮ್ಮೂರಿನವರಿಗೆ ಅರ್ಥವಾಗಿದ್ದು ಡಿಸೈನ್ ಎಂಬ ಮಾತು ಮಾತ್ರ. ಗಾವಡಗೆರೆ ಕಡೆ ಡಿಸೈನ್ ಎಂದರೆ ರವಿಕೆಯ ಬೆನ್ನಿಗೆ ಇಡಿಸುವುದು. ರಜೆಗೆ ಬಂದಾಗಲೆಲ್ಲ ಯಾರಾದರೂ ರವಿಕೆ ಕಣ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಕುಕ್ಕರು, ಕುರ್ಚಿ, ಟಾರ್ಚು ಇವುಗಳನ್ನೆಲ್ಲ ಹೇಗೆ ಮಾಡಿದರೆ ಬಳಸುವವರಿಗೆ ಹಿತ ಅಂತ ಕಲಿಯುತ್ತಿದ್ದೇನೆ ಎಂದರೆ, “ಅದ್ಕೂ ಓದ್ಬೇಕೇನವ್ವ?” ಎಂದು ನಗುವರು. ನನಗೆ ಮೈ ಉರಿಯುತ್ತಿತ್ತು. ಅವ್ವನಿಗೋ ತಮಾಷೆ. “ಇರ್ಲಿ ಬುಡಿ, ಹೊಲ್ದು ಕೊಡ್ತಾಳೆ” ಎಂದು ಕಣ ಇಸಿದುಕೊಂಡು ನನ್ನನ್ನು ಇನ್ನಷ್ಟು ಸಿಕ್ಕಿಹಾಕಿಸುತ್ತಿದ್ದಳು.

ಓದು ಮುಗಿದ ಮೇಲೆ ಮೈಸೂರಿನ ಒಂದು ಪಾತ್ರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನನ್ನ ಪಾಲಿಗೆ ಬಂದವೆಲ್ಲ ಹಿಡಿಗಳೇ. ಕುಕ್ಕರಿನ ಹಿಡಿ, ಬಾಣಲೆಯ ಹಿಡಿ, ಸೌಟಿನ ಹಿಡಿ. ಹಿಡಿ ಸರಿಯಾಗಿದ್ದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಕೈ ಸುಟ್ಟರೆ ಮಾತ್ರ ಬೈಗುಳ. ಈ ಕೆಲಸ ನನ್ನ ಸ್ವಭಾವಕ್ಕೆ ಒಗ್ಗಿತು.

ಆ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅವ್ವ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಬಲ ಮಾತ್ರ ಮರಳಲಿಲ್ಲ. ಲೋಟ ಎತ್ತುತ್ತಿದ್ದಳು, ಸೊಪ್ಪು ಬಿಡಿಸುತ್ತಿದ್ದಳು. ಹಿಟ್ಟು ತಿರುವುವುದು ಆಗುತ್ತಿರಲಿಲ್ಲ. ಬೆಂದ ರಾಗಿ ಹಿಟ್ಟನ್ನು ಮುದ್ದೆಯ ಹದಕ್ಕೆ ತರಬೇಕಾದರೆ ಕೋಲು ಹಿಡಿದ ಮಣಿಕಟ್ಟು ಗಟ್ಟಿಯಾಗಿರಬೇಕು. ಆ ಕೆಲಸ ಪಿರಿಯಾಪಟ್ಟಣದಿಂದ ಬಂದ ಅತ್ತಿಗೆಯ ಪಾಲಿಗೆ ಹೋಯಿತು.

ಒಂದು ಭಾನುವಾರ ಅವ್ವ ಹಠ ಹಿಡಿದು ತಾನೇ ತಿರುವಿದಳು. ಮುದ್ದೆಯ ತುಂಬ ಗಂಟು. ನಮ್ಮ ಮನೆಯಲ್ಲಿ ಮುದ್ದೆ ಕೆಟ್ಟರೆ ಸುಮ್ಮನೆ ಉಂಡು ಎದ್ದವರಿಲ್ಲ. ಅವ್ವನನ್ನು ಆಡಿಕೊಳ್ಳುವುದು, ಅವಳು ತಿರುಗಿಸಿ ಬೈಯುವುದು ಊಟದಷ್ಟೇ ಹಳೆಯದು. ಅವತ್ತು ಅಪ್ಪ ಗಂಟು ನುಂಗಿ, “ಪರವಾಗಿಲ್ಲ ಕಣಮ್ಮಿ” ಅಂದ. ಅಣ್ಣನೂ ಅದನ್ನೇ ಅಂದ. ಬೀಗರ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದಾಗ ಹೇಳುವ ಮಾತು ಅದು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಕೋಲು ಮುಟ್ಟಲಿಲ್ಲ. ಯಾರನ್ನೂ ಬೈಯಲೂ ಇಲ್ಲ. ಅಡುಗೆಮನೆ ಹೊಸ್ತಿಲಲ್ಲಿ ಕೂತು, ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಡುತ್ತಿದ್ದಳು. ಬಾಯಿ ಸತ್ತ ಅವ್ವನನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಭಯವಾಯಿತು.

ಕೈ ಸರಿ ಮಾಡಲು ನಾನು ಡಾಕ್ಟರಲ್ಲ. ಹಿಡಿ ಮಾಡುವುದು ನನ್ನ ಕಸುಬು. ಗ್ಯಾಸ್ ಒಲೆಯ ಕಟ್ಟೆಯ ಮೇಲೆ ಪಾತ್ರೆ ಅಲುಗದಂತೆ ಕಚ್ಚಿ ಹಿಡಿಯುವ ಒಂದು ಹಿಡಿಕೆ ಮಾಡಿಸಿ ತಂದೆ. ಕಾರ್ಖಾನೆಯಲ್ಲಿ ಎಲ್ಲರೂ ಭೇಷ್ ಅಂದಿದ್ದರು. ಅವ್ವ ಅದನ್ನು ಒಂದು ಸುತ್ತು ನೋಡಿ, “ನಿಂತ್ಕಂಡು ಇಟ್ಟು ತಿರುವಕ್ಕೆ ನಾನೇನು ಓಟ್ಲು ಭಟ್ಟನಾ?” ಅಂದಳು. ನನಗೆ ನಗು ಬಂತು, ಆದರೆ ಅವಳು ನಗಲಿಲ್ಲ. ಪಾತ್ರೆ ನೆಲಕ್ಕಿಳಿಸಿ, ಕಾಲು ಚಾಚಿ ಕೂತು, ಪಾತ್ರೆ ಅಲುಗದಂತೆ ಅದಕ್ಕೆ ಕೊಟ್ಟ ಕವೆಗೋಲನ್ನು ಪಾದದಲ್ಲಿ ಒತ್ತಿ ತಿರುವಿ ಬೆಳೆದವಳು ಅವಳು. ಅದನ್ನು ದಿನಾ ನೋಡುತ್ತ ಬೆಳೆದವಳು ನಾನು. ಮೈಸೂರಿನಲ್ಲಿ ನಕ್ಷೆ ಬರೆಯುವಾಗ ಆ ಪಾದ ನೆನಪಾಗಿರಲೇ ಇಲ್ಲ.

ಪಕ್ಕದಲ್ಲಿ ಅತ್ತಿಗೆ ಈಳಿಗೆಮಣೆ ಮೆಟ್ಟಿಕೊಂಡು ಕುಂಬಳಕಾಯಿ ಹೆಚ್ಚುತ್ತಿದ್ದಳು. ಮಣೆ ಅಲುಗದಂತೆ ಹಿಡಿದದ್ದು ಅವಳ ಕೈಯಲ್ಲ, ಮೈಭಾರ. ಅಲ್ಲೇ ದಾರಿ ಸಿಕ್ಕಿತು. ಹುಣಸೂರಿನ ಬಡಗಿಯೊಬ್ಬರಿಂದ ಉದ್ದನೆಯ ಹಲಗೆ ಮಾಡಿಸಿದೆ. ಹಿಂದುಗಡೆ ಕೂರಬೇಕು, ಮುಂದುಗಡೆ ಪಾತ್ರೆ ಕೂರಲು ಕಬ್ಬಿಣದ ಬಳೆ. ಕೋಲಿನ ತಲೆಗೊಂದು ಅಡ್ಡ ಹಿಡಿ ಹಾಕಿಸಿದೆ. ಎರಡೂ ಕೈಯಲ್ಲಿ ಹಿಡಿದರೆ ಮಣಿಕಟ್ಟಿಗೆ ಕೆಲಸವಿಲ್ಲ, ಭುಜದ ಬಲವೇ ಸಾಕು.

ಅವ್ವ ಕೂತು, ಹಿಂದೆ ಮುಂದೆ ಸರಿದು, “ಜಾರಲ್ಲ ತಾನೆ?” ಎಂದು ಕೇಳಿದಳು. ಅತ್ತಿಗೆ ಬೆಂದ ಹಿಟ್ಟಿನ ಪಾತ್ರೆ ತಂದು ಬಳೆಯೊಳಗೆ ಕೂರಿಸಿದಳು. ಅವ್ವ ಎರಡೂ ಕೈಯಲ್ಲಿ ಅಡ್ಡ ಹಿಡಿ ಹಿಡಿದು ತಿರುವತೊಡಗಿದಳು, ಹಣೆಯಲ್ಲಿ ಬೆವರು. ಹಿಡಿ ಎರಡು ಬೆರಳು ತಗ್ಗಿರಬೇಕಿತ್ತು ಎಂದು ನನಗೆ ಆಗಲೇ ಕಂಡಿತು. ನಿಧಾನವಾಗಿಯಾದರೂ ಹಿಟ್ಟು ಮುದ್ದೆಯಾಯಿತು. ಅವಳೇ ಕೈ ತೇವ ಮಾಡಿಕೊಂಡು ಉಂಡೆ ಕಟ್ಟಿ ಎಲ್ಲರ ತಟ್ಟೆಗೂ ಹಾಕಿದಳು.

ಅಪ್ಪ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಬಾಯಿಂದ ಒಂದು ಗಂಟು ತೆಗೆದು ತಟ್ಟೆಯ ಅಂಚಿಗಿಟ್ಟ.

“ಏನಮ್ಮಿ ಇದು, ಇಟ್ಟಾ ಗೋಲಿನಾ?”

ಅಪ್ಪನ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಇಷ್ಟು ದಿನ ಪಟ್ಟ ಪಾಡೆಲ್ಲ ಒಂದು ಮಾತಿಗೆ ಹೋಯಿತಲ್ಲ ಎಂದುಕೊಂಡೆ. ಅಣ್ಣ ಉಣ್ಣುವುದನ್ನು ನಿಲ್ಲಿಸಿದ. ಅವ್ವ ಸಾರಿನ ಸೌಟನ್ನು ಠಣ್ ಎಂದು ಕೆಳಗಿಟ್ಟಳು.

“ಬೇಕಾರೆ ಉಣ್ಣಿ, ಬ್ಯಾಡ್ದಿದ್ರೆ ಎದ್ದೋಗಿ. ತಿರುವೋಳಿಗೆ ಕೈ ನೋಯ್ತದೆ, ಉಣ್ಣೋರ್ಗೇನು ದಾಡಿ?”

ಅಪ್ಪ ತಲೆ ತಗ್ಗಿಸಿಕೊಂಡು ನಗು ತಡೆಯುತ್ತ ತಟ್ಟೆ ಮುಂದೆ ಚಾಚಿದ. ಅವ್ವ ಇನ್ನರ್ಧ ಮುದ್ದೆ ಎತ್ತಿ ಅದರೊಳಗೆ ಕುಕ್ಕಿದಳು.

“ನಾಳಿಕೂ ನಾನೇ ತಿರುವಾದು. ಅದೇನ್ ಮಾಡ್ಕತಿರೋ ಮಾಡ್ಕಳಿ.”