ಉದಯಶಂಕರ ಅಂಕಲ್ ಮತ್ತು ಗುರವ್ವನ ಓಟು

ಇನ್ನೊಬ್ಬರ ಹಂಗಿನಲ್ಲಿ ಒಂದು ದಿನವೂ ಇರಲಾರದ ಮನುಷ್ಯ ಅಮೆರಿಕದ ನಮ್ಮ ಫ್ಲೂಗರ್‌ವಿಲ್ ಊರಿನಲ್ಲಿ ಯಾರಾದರೂ ಇದ್ದರೆ ಅದು ಉದಯಶಂಕರ ಅಂಕಲ್. ಮೈಸೂರಿನವರು, ಚಿಪ್ ಕಂಪನಿಯಲ್ಲಿ ದುಡಿದು ರಿಟೈರ್ ಆದವರು, ನಮ್ಮ ಪಕ್ಕದ ಮನೆ. ನಾನೊಮ್ಮೆ ಒಂದು ಡಬ್ಬಿ ಬಿಸಿಬೇಳೆಬಾತ್ ಕೊಟ್ಟಿದ್ದಕ್ಕೆ ನಮ್ಮ ಹಿತ್ತಲಿನ ಬೇಲಿಗೆಲ್ಲ ಬಣ್ಣ ಹೊಡೆದುಕೊಟ್ಟರು. ಬೇಡ ಅಂದರೂ ಕೇಳಲಿಲ್ಲ. ಇದು ದೊಡ್ಡ ಗುಣವೆಂದೇ ನಾವೆಲ್ಲ ನಂಬಿದ್ದೆವು, ಅವರೂ ನಂಬಿದ್ದರು.

ರಿಟೈರ್ ಆದ ಮೇಲೆ ಅವರು ಮಾಡಿದ ನಿಜವಾಗಿಯೂ ದೊಡ್ಡ ಕೆಲಸ ಅಂದರೆ, ಮಕ್ಕಳ ಜೊತೆ ಬಂದು ಇಲ್ಲೇ ನೆಲೆಸಿದ ಹಿರಿಯರಿಗೆ ಪೌರತ್ವ ಪರೀಕ್ಷೆಯ ಪಾಠ ಹೇಳಿದ್ದು. ಇಲ್ಲೇ ಕಾಯಂ ಇರಲು ಕೊಡುವ ಗ್ರೀನ್ ಕಾರ್ಡು ಸಿಕ್ಕಿ ಬಹಳ ವರ್ಷವಾದ ವಯಸ್ಸಾದವರು ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಗುರವ್ವ ಕಲಿತದ್ದು ಹಾಗೆ. ಬಾಗಲಕೋಟೆ ಕಡೆಯ ಮುದುಕಿ, ಎಂಬತ್ತು ದಾಟಿದ್ದಾಳೆ, ಯಾವ ಭಾಷೆಯಲ್ಲೂ ಅಕ್ಷರ ಬಾರದು. ಮಗ ಇರಣ್ಣನಿಗೆ ಗ್ರಾನೈಟ್ ವ್ಯಾಪಾರ, ವಾರದಲ್ಲಿ ಅರ್ಧ ಹ್ಯೂಸ್ಟನ್‌ನಲ್ಲೇ ಕಳೆಯುತ್ತಾನೆ. ಅಂಕಲ್ ಹೇಳಿಕೊಟ್ಟದ್ದನ್ನೆಲ್ಲ ಅವಳು ರಾಶಿ ಮಾಡುವಾಗ ಹಾಡುವ ಹಂತಿ ಪದದ ಹಾಗೆ ಬಾಯಿಪಾಠ ಮಾಡಿ ಪಾಸಾದಳು. ಅಂದಿನಿಂದ ಅವರು ಅವಳಿಗೆ ಮಾಸ್ತರು.

ಆಮೇಲೆ ಬಂತು ನಗರಸಭೆಯ ಚುನಾವಣೆ. ನಮ್ಮ ಬಡಾವಣೆಯ ಬೆನ್ನಿಗೇ ದೊಡ್ಡದೊಂದು ಗೋದಾಮು ಕಟ್ಟುವ ಯೋಜನೆಯಿತ್ತು. ಚುನಾವಣೆಗೆ ನಿಂತ ಇಬ್ಬರಲ್ಲಿ ಬೇಡ ಅನ್ನುತ್ತಿದ್ದವಳು ಒಬ್ಬ ಶಾಲೆಯ ಟೀಚರ್. ಬೇಕು ಅನ್ನುತ್ತಿದ್ದವನು ಒಬ್ಬ ವಕೀಲ. ವಕೀಲನ ಹಿಂದೆ ‘ಸಮೃದ್ಧ ನಾಳೆ’ ಅಂತ ಒಂದು ಸಮಿತಿ. ಹೆಸರು ಕೇಳಿದರೆ ಅನ್ನಛತ್ರ ನಡೆಸುವವರು ಅನ್ನಿಸಬೇಕು, ದುಡ್ಡು ಸುರಿದವರೆಲ್ಲ ಗೋದಾಮು ಕಟ್ಟುವವರು. ಕಾನೂನಿನಲ್ಲಿ ಅದೇನೂ ತಪ್ಪಲ್ಲವಂತೆ.

ಸಮಿತಿಯ ಮ್ಯಾನೇಜರು ಅಂಕಲ್‌ರನ್ನು ಊಟಕ್ಕೆ ಕರೆದ. ಆ ಮಾಂಸದ ಹೋಟೆಲಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸುಟ್ಟ ಆಲೂಗಡ್ಡೆ. ಆದರೆ ಅವನು ಅವರನ್ನು ಸಮುದಾಯದ ನಾಯಕರೇ ಎಂದು ಕರೆದ, ಹಿರಿಯರನ್ನು ಮತಗಟ್ಟೆಗೆ ಕರೆದೊಯ್ಯಲು ಒಂದು ವ್ಯಾನು ಕೊಟ್ಟ. ಯಾರಿಗೆ ಓಟು ಹಾಕಿಸಬೇಕೆಂದು ಒಂದು ಮಾತೂ ಆಡಲಿಲ್ಲ. ನಮ್ಮ ಜನಕ್ಕೆ ಅದನ್ನು ಬಾಯಿಬಿಟ್ಟು ಹೇಳಬೇಕೇ? ಉಂಡ ಮನೆಗೆ ಎರಡು ಬಗೆಯಬಾರದು ಎಂದು ತೊಟ್ಟಿಲಿನಲ್ಲೇ ಕಲಿತು ಬಂದಿರುತ್ತೇವೆ.

ಇಲ್ಲಿ ಓಟು ಹಾಕಲು ಹಲವು ದಿನ ಅವಕಾಶವಿರುತ್ತದೆ. ಮೊದಲೆರಡು ದಿನ ಅಂಕಲ್ ನೆಟ್ಟಗೇ ಇದ್ದರು. ಯಾರಿಗೆ ಹಾಕಲಿ ಎಂದು ಕೇಳಿದವರಿಗೆ, ಅದನ್ನು ನಾನು ಹೇಳಬಾರದು ಎಂದರು. ಮೂರನೆಯ ದಿನ ಬೆಳಿಗ್ಗೆ ಮ್ಯಾನೇಜರು ಸಿಕ್ಕಿ, ನಮ್ಮ ವ್ಯಾನಿನಲ್ಲಿ ಟೀಚರ್ ಕಡೆಯವರೇ ಹೆಚ್ಚು ಬರುತ್ತಿದ್ದಾರಂತಲ್ಲ ಎಂದು ನಕ್ಕ. ಅಷ್ಟೇ. ಅಂಕಲ್‌ಗೆ ಅನ್ನ ಕದ್ದವರ ಹಾಗೆ ಅವಮಾನವಾಯಿತು.

ಆ ದಿನವೇ ಗುರವ್ವನ ಸರದಿ. ಇರಣ್ಣ ಹ್ಯೂಸ್ಟನ್‌ನಲ್ಲಿದ್ದ, ಮೊಮ್ಮಗಳು ಪ್ರೇರಣಾ ಡಲ್ಲಾಸ್‌ನ ಕಾಲೇಜಿನಲ್ಲಿ. ಗುರವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಓದಲು ಬಾರದವರ ಜೊತೆ ಒಳಗೆ ಹೋಗುವವರು ಪ್ರಮಾಣ ಮಾಡಬೇಕು: ಮತದಾರರು ಹೇಳಿದಂತೆಯೇ ಗುರುತು ಹಾಕುತ್ತೇನೆ, ಯಾರಿಗೆಂದು ಸೂಚಿಸುವುದಿಲ್ಲ. ಅಂಕಲ್ ಮಾಡಿದರು. ಪರದೆಯ ಮೇಲೆ ಎರಡು ಹೆಸರು ಬಂದವು. ಗುರವ್ವ ಆಗಲೇ ನಿಶ್ಚಯ ಮಾಡಿದ್ದಳು. ಟೀಚರ್ ಅವಳ ಮನೆಗೆ ಬಂದು, ಗ್ಯಾರೇಜಿನ ಕುರ್ಚಿಯಲ್ಲಿ ಕೂತು, ರಜೆಗೆ ಬಂದಿದ್ದ ಪ್ರೇರಣಾ ಅನುವಾದಿಸಿದ ಅಜ್ಜಿಯ ಮಾತನ್ನೆಲ್ಲ ಕೇಳಿಸಿಕೊಂಡು ಹೋಗಿದ್ದಳು. ಈ ದೇಶದಲ್ಲಿ ತನ್ನ ಮಾತಿಗೆ ಕಿವಿ ಕೊಟ್ಟ ಮೊದಲ ಹೊರಗಿನವಳು ಅವಳೇ ಎಂದು ಗುರವ್ವ ಊರೆಲ್ಲ ಹೇಳಿದ್ದಳು.

“ಆ ಟೀಚರ್ ಹೆಸರ ಎಲ್ಲೈತ್ರಿ ಮಾಸ್ತರ?” ಎಂದು ಕೇಳಿದಳು.

ಅಂಕಲ್‌ರ ಬೆರಳು ವಕೀಲನ ಹೆಸರಿನ ಮೇಲೆ ನಿಂತಿತು. ಗುರವ್ವ ಅಲ್ಲೇ ಒತ್ತಿದಳು. ಅಚ್ಚಾಗಿ ಬಂದ ಕಾಗದವನ್ನು ಕಣ್ಣಿಗೊತ್ತಿಕೊಂಡು ಮೆಷಿನ್ನಿಗೆ ಹಾಕಿದಳು.

ಗೆದ್ದದ್ದು ಟೀಚರ್. ಗೋದಾಮಿನ ಯೋಜನೆ ನಿಂತುಹೋಯಿತು. ಗುರವ್ವನ ಸಂಭ್ರಮ ಹೇಳತೀರದು. ನನ್ನ ಓಟಿನಿಂದ ಗೆದ್ದಳು ಎಂದು ಬಂದವರಿಗೆಲ್ಲ ಹೇಳಿದಳು, ಮಾಸ್ತರ ಮನೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದಳು. ಅಂಕಲ್ ಆ ರೊಟ್ಟಿಯ ಒಂದು ಚೂರನ್ನೂ ನುಂಗಲಾರದೆ ಹೋದರು. ದೇವಸ್ಥಾನದಲ್ಲಿ ಯಾರೋ ಈ ಸಲ ಓಟುಗಳು ಕಳುವಾದವಂತೆ ಎಂದು ತಮಾಷೆ ಮಾಡಿದರೆ ಇವರು ತಟ್ಟೆ ಬಿಟ್ಟು ಎದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡಿದ ಹಾಗೆ.

ಕೊನೆಗೆ ಬೇಲಿಯ ಆಚೆ ನಿಂತು ನನ್ನ ಹತ್ತಿರ ಹೇಳಿಕೊಂಡರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಆಲೂಗಡ್ಡೆಯ ಋಣಕ್ಕೆ ಮುದುಕಿಯ ಬೆರಳು ಮಾರಿದಿರಾ ಎಂದುಬಿಟ್ಟೆ. ಅವರು ಅತ್ತರು. ಅವರ ಹೆಂಡತಿ ಸರೋಜಾ ಮಾತ್ರ ಬೇರೆ ಮಾತು ಹೇಳಿದರು: ಗೆಲ್ಲಬೇಕಾದವಳು ಗೆದ್ದಳಲ್ಲ, ಯಾರಿಗೇನು ನಷ್ಟ, ಸುಮ್ಮನಿದ್ದರೆ ಮುದುಕಿಗೂ ನೆಮ್ಮದಿ. ಹೇಳಿದರೆ ಪೊಲೀಸರವರೆಗೂ ಹೋಗಬಹುದು. ಆ ಮಾತನ್ನು ತಳ್ಳಿಹಾಕುವುದು ನನಗೂ ಸುಲಭವಾಗಲಿಲ್ಲ. ಆದರೆ ಅಂಕಲ್‌ಗೆ ಜೈಲಿನ ಹೆದರಿಕೆಗಿಂತ ಗುರವ್ವನ ಹೊಗಳಿಕೆಯೇ ಹೆಚ್ಚು ಸುಡುತ್ತಿತ್ತು. ವ್ಯಾನನ್ನು ಸಮಿತಿಗೆ ಹಿಂತಿರುಗಿಸಿ ಬಂದು, ಗುರವ್ವನ ಮನೆಗೆ ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಹೋದೆ.

ಭಾನುವಾರ ಮಧ್ಯಾಹ್ನ. ಗುರವ್ವ ಸೋಫಾ ಬಿಟ್ಟು ನೆಲದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು, ವಾರದ ರಜೆಗೆ ಬಂದ ಪ್ರೇರಣಾ ಪಕ್ಕದಲ್ಲಿದ್ದಳು. ಅಂಕಲ್ ಅವಳೆದುರು ನೆಲದ ಮೇಲೇ ಕೂತು ಎಲ್ಲ ಹೇಳಿದರು. ಊಟ, ವ್ಯಾನು, ಮ್ಯಾನೇಜರನ ನಗು, ತಮ್ಮ ಬೆರಳು. ಒಂದಕ್ಕೂ ನೆಪ ಹೇಳಲಿಲ್ಲ. ಪ್ರೇರಣಾಳ ಮುಖ ಕೆಂಪಗಾಯಿತು, ಇದು ಅಪರಾಧ ಅಂಕಲ್ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಗುರವ್ವ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದಳು.

ಬಯ್ಯುತ್ತಾಳೆ ಎಂದುಕೊಂಡೆ. ಅಥವಾ, ಹೋಗಲಿ ಬಿಡ್ರಿ, ಗೆದ್ದಾಳಲ್ಲ ಎನ್ನುತ್ತಾಳೆ ಎಂದುಕೊಂಡೆ. ಅವಳು ತನ್ನ ತೋರುಬೆರಳನ್ನು ತಿರುಗಿಸಿ ನೋಡಿದಳು.

“ಹಂಗಾರ ನಾ ಇನ್ನೂ ಓಟ ಹಾಕೇ ಇಲ್ಲ ಅನ್ರಿ,” ಎಂದಳು.

ಹೌದು ಎಂದು ಅಂಕಲ್ ಒಪ್ಪಿಕೊಂಡರು. ಮುಂದಿನದು ಯಾವಾಗ ಎಂದು ಕೇಳಿದಳು. ನವೆಂಬರ್ ಎಂದರು. ಅಷ್ಟು ದಿನ ಇರುತ್ತೇನೋ ಇಲ್ಲವೋ ಎಂದು ತನ್ನಷ್ಟಕ್ಕೇ ಗೊಣಗಿ, ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ನಾವು ಹೊರಡಲು ಎದ್ದೆವು. ಬಾಗಿಲ ತನಕ ಬಂದ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು.

“ಕರಕೊಂಡ ಹೋಗಾಕ ನೀವ ಬರ್ರಿ ಮಾಸ್ತರ. ಒಳಗ ಮಾತ್ರ ಬರಬ್ಯಾಡ್ರಿ.”

ಅಂಕಲ್ ಆಗಲಿ ಎಂದರು.